ಸೊಂಟನೋವು, ಕಾಲುಸೆಳೆತ ಮತ್ತು ಬೆನ್ನಿಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು

(ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲೂಕುಗಳ ಗ್ರಾಮ ಪಂಚಾಯತಿ ಸದಸ್ಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಸ್ವಸಹಾಯ ಸಂಘಗಳ ಪ್ರತಿನಿಧಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ನಮ್ಮ ನಾಲ್ಕೂ ತಾಲೂಕುಗಳ ಬದುಕು ದುಡಿಯುವವರ ಬೆನ್ನಿನ ಮೇಲೆ ನಿಂತಿದೆ. ಹಾನಗಲ್ಲ ಭಾಗದ ಗದ್ದೆಗಳಲ್ಲಿ ದಿನವಿಡೀ ಬಾಗಿ ಭತ್ತ ನಾಟಿ ಮಾಡುವ ತಾಯಂದಿರು, ಹಿರೇಕೆರೂರು ಸೀಮೆಯಲ್ಲಿ ಗೋವಿನಜೋಳದ ಚೀಲಗಳನ್ನು ಹೇರುವ ಹಮಾಲರು, ಸವಣೂರಿನ ಎಲೆತೋಟಗಳಲ್ಲಿ ದುಡಿಯುವವರು, ಶಿಗ್ಗಾಂವಿಯ ಹೊಲಗಳಲ್ಲಿ ಟ್ರ್ಯಾಕ್ಟರ್ ನಡೆಸುವ ಯುವಕರು ಇವರೆಲ್ಲರಿಗೂ ಒಮ್ಮೆಯಾದರೂ ನಡು ಹಿಡಿದಿರುತ್ತದೆ. ಕೆಲವರಿಗೆ ನೋವು ನಡುವಿನಲ್ಲಿಯೇ ನಿಲ್ಲದೆ ಪಿರ್ರೆಯಿಂದ ತೊಡೆಗೆ, ಮೀನಖಂಡಕ್ಕೆ, ಪಾದದವರೆಗೆ ಮಿಂಚಿನಂತೆ ಇಳಿಯುತ್ತದೆ. "ಮಣಕದಲ್ಲಿ ಗ್ಯಾಪ್ ಬಂದಿದೆ", "ನರ ಒತ್ತಿದೆ", "ಸೂಜಿ ಮಾಡಿಸಿದರೆ ಹೋಗುತ್ತದೆ" ಎಂಬ ಮಾತುಗಳು ಆಗ ಮನೆಯಲ್ಲಿ ಕೇಳಿಬರುತ್ತವೆ. ಆ ಸೂಜಿಯ ವಿಷಯವಾಗಿ ಇಂದು ತಮ್ಮೊಡನೆ ಮಾತನಾಡಬೇಕಾಗಿದೆ.

ಮೊದಲಿಗೇ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸುವುದು ಅಗತ್ಯ. ಜನರ ಬಾಯಲ್ಲಿ "ಸೊಂಟದ ಸೂಜಿ" ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಒಂದು, ನೋವೆಂದು ಹೋದೊಡನೆ ಪಿರ್ರೆಗೆ ಅಥವಾ ತೋಳಿಗೆ ಚುಚ್ಚುವ ಮದ್ದು. ಇನ್ನೊಂದು, ತಜ್ಞ ವೈದ್ಯರು ಆಸ್ಪತ್ರೆಯ ಶಸ್ತ್ರಕ್ರಿಯಾ ಕೊಠಡಿಯಲ್ಲಿ, ಕ್ಷ-ಕಿರಣದ ಪರದೆಯನ್ನು ನೋಡುತ್ತ, ಬೆನ್ನಿನೊಳಗೆ ಬಾತ ನರದ ಹತ್ತಿರಕ್ಕೆ ಸೇರಿಸುವ ಸ್ಟಿರಾಯ್ಡ್ ಮದ್ದು. ಮೊದಲನೆಯದನ್ನು ಹತ್ತು ಬಾರಿ ಪಡೆದವರು "ಬೆನ್ನಿಗೆ ಸೂಜಿ ಮಾಡಿಸಿಯೂ ಗುಣವಾಗಲಿಲ್ಲ" ಎನ್ನುತ್ತಾರೆ. ಎರಡನೆಯದರ ಹೆಸರು ಕೇಳಿದವರು ಅದೊಂದೇ ಸಾಕು, ಬೆನ್ನು ಹೊಸದಾಗುತ್ತದೆ ಎಂದು ನಂಬಿ ಒಡವೆ ಒತ್ತೆಯಿಡಲು ಸಿದ್ಧರಾಗುತ್ತಾರೆ. ಈ ಎರಡು ತಿಳಿವಳಿಕೆಗಳೂ ಸರಿಯಲ್ಲ.

ಡಿಸ್ಕ್ ಜಾರುವುದು ಎಂದರೇನು?

ನಮ್ಮ ಬೆನ್ನುಮೂಳೆಯು ಒಂದರ ಮೇಲೊಂದು ಕೂಡಿಸಿದ ಮಣಿಗಳಿಂದಾಗಿದೆ. ಮಣಿಗಳ ನಡುವೆ ಮೆತ್ತೆಯಂತಿರುವ 23 ಡಿಸ್ಕುಗಳಿವೆ. ಪ್ರತಿ ಡಿಸ್ಕಿನ ಹೊರಭಾಗವು ಗಟ್ಟಿ ನಾರಿನ ಬಳೆಯಂತಿದ್ದು, ಒಳಗೆ ಲೋಳೆಯಂತಹ ತಿರುಳಿರುತ್ತದೆ. ವಯಸ್ಸು, ಬಾಗಿ ಭಾರ ಎತ್ತುವುದು, ಸತತವಾಗಿ ಕುಲುಕುವ ವಾಹನದ ಮೇಲೆ ಕೂಡುವುದು, ಧೂಮಪಾನ, ವಂಶದಿಂದ ಬಂದ ಗುಣ ಇವುಗಳಿಂದ ಆ ನಾರಿನ ಬಳೆ ಸಡಿಲಗೊಂಡು ಬಿರುಕು ಬಿಟ್ಟಾಗ ಒಳಗಿನ ತಿರುಳು ಹೊರಕ್ಕೆ ಉಬ್ಬುತ್ತದೆ. ಇದು ಹೆಚ್ಚಾಗಿ ಸೊಂಟದ ಕೊನೆಯ ಎರಡು ಕೀಲುಗಳಲ್ಲಿ, ಅಂದರೆ ಕಾಲಿಗೆ ಹೋಗುವ ದೊಡ್ಡ ನರದ ಬೇರುಗಳು ಹೊರಡುವ ಸ್ಥಳದಲ್ಲಿ ಆಗುತ್ತದೆ. ಆದ್ದರಿಂದಲೇ ತೊಂದರೆ ಬೆನ್ನಿನಲ್ಲಿದ್ದರೂ ನೋವು ಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನು ಸಯಾಟಿಕಾ ಎನ್ನುತ್ತಾರೆ. ಆಯುರ್ವೇದದಲ್ಲಿ ಗೃಧ್ರಸಿ ಎಂಬ ಹೆಸರಿದೆ.

ಇಲ್ಲಿ ನೋವಿಗೆ ಎರಡು ಕಾರಣಗಳು ಕೂಡಿಕೊಳ್ಳುತ್ತವೆ. ಒಂದು, ನರದ ಮೇಲೆ ಬೀಳುವ ಒತ್ತಡ. ಎರಡು, ಹೊರಬಂದ ತಿರುಳಿನಿಂದ ಉಂಟಾಗುವ ಉರಿಯೂತ. ಕೆಂಡ ತಾಗಿದ ಚರ್ಮ ಬಾತು ಕೆಂಪಾಗುವಂತೆ ನರದ ಬೇರು ಬಾತುಕೊಳ್ಳುತ್ತದೆ. ಸ್ಟಿರಾಯ್ಡ್ ಮದ್ದು ಕೆಲಸ ಮಾಡುವುದು ಈ ಎರಡನೆಯ ಕಾರಣದ ಮೇಲೆ ಮಾತ್ರ. ಅದು ಬಾವನ್ನು ಇಳಿಸುತ್ತದೆ. ಜಾರಿದ ಡಿಸ್ಕನ್ನು ಒಳಕ್ಕೆ ತಳ್ಳುವುದಿಲ್ಲ, ಹರಿದ ಬಳೆಯನ್ನು ಹೊಲಿಯುವುದಿಲ್ಲ, ಸವೆದ ಮಣಿಯನ್ನು ತುಂಬುವುದಿಲ್ಲ.

ಹಾಗಾದರೆ ಹೊರಬಂದ ತಿರುಳು ಏನಾಗುತ್ತದೆ? ನಮ್ಮ ದೇಹವೇ ಅದನ್ನು ಹೊರಗಿನ ವಸ್ತುವೆಂದು ಗುರುತಿಸಿ ಮೆಲ್ಲಮೆಲ್ಲನೆ ಕರಗಿಸುತ್ತದೆ. ಬಹುಪಾಲು ರೋಗಿಗಳಲ್ಲಿ ಕಾಲುಸೆಳೆತವು 6ರಿಂದ 12 ವಾರಗಳೊಳಗೆ ಗಣನೀಯವಾಗಿ ತಗ್ಗುತ್ತದೆ. ನೆದರ್ಲೆಂಡ್ಸ್ ದೇಶದಲ್ಲಿ ತೀವ್ರ ಸಯಾಟಿಕಾದಿಂದ ಬಳಲುತ್ತಿದ್ದ 283 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೇಗ ಶಸ್ತ್ರಚಿಕಿತ್ಸೆ ಪಡೆದವರಿಗೆ ನೋವು ಬೇಗ ಇಳಿಯಿತು. ಆದರೆ ಒಂದು ವರ್ಷದ ಕೊನೆಗೆ, ಮೊದಲು ಕಾದು ನೋಡಿದ ಗುಂಪಿನವರೂ ಅಷ್ಟೇ ಪ್ರಮಾಣದಲ್ಲಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ ಸುಮಾರು 10ರಲ್ಲಿ 4 ಜನರಿಗೆ ಮುಂದೆ ಶಸ್ತ್ರಚಿಕಿತ್ಸೆ ಬೇಕಾಯಿತು, ಉಳಿದವರಿಗೆ ಬೇಕಾಗಲಿಲ್ಲ.

ಎಂ.ಆರ್.ಐ. ಚಿತ್ರವೊಂದೇ ರೋಗವಲ್ಲ

ನಮ್ಮ ಜನರು ಇಂದು ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗಗಳಿಗೆ ಹೋಗಿ ಎಂ.ಆರ್.ಐ. ಮಾಡಿಸಿಕೊಂಡು ಬರುತ್ತಾರೆ. ವರದಿಯಲ್ಲಿ "ಡಿಸ್ಕ್ ಉಬ್ಬಿದೆ" ಎಂಬ ಸಾಲು ಕಂಡೊಡನೆ ಮನೆಯವರೆಲ್ಲ ಗಾಬರಿಗೊಳ್ಳುತ್ತಾರೆ. ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂ.ಆರ್.ಐ. ಮಾಡಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರಲ್ಲಿ ಶೇ. 52ರಷ್ಟು ಜನರಿಗೆ ಕನಿಷ್ಠ ಒಂದು ಡಿಸ್ಕ್ ಉಬ್ಬಿದ್ದು ಕಂಡುಬಂದಿತು. ಅಂದರೆ ಉಬ್ಬಿದ ಡಿಸ್ಕ್ ಇದ್ದೂ ನೋವಿಲ್ಲದೆ ಬದುಕುವವರು ಬಹಳ. ವಯಸ್ಸಾದಂತೆ ತಲೆಗೂದಲು ನರೆಯುವ ಹಾಗೆ ಡಿಸ್ಕೂ ಬದಲಾಗುತ್ತದೆ. ಚಿತ್ರದಲ್ಲಿ ಕಂಡ ಉಬ್ಬು, ರೋಗಿಯು ಹೇಳುವ ನೋವಿನ ದಾರಿ, ವೈದ್ಯರು ಕಾಲನ್ನು ಎತ್ತಿ ಮುಟ್ಟಿ ಪರೀಕ್ಷಿಸಿದಾಗ ಕಂಡ ಲಕ್ಷಣ ಈ ಮೂರೂ ಒಂದಕ್ಕೊಂದು ಹೊಂದಿದಾಗ ಮಾತ್ರ ಆ ಡಿಸ್ಕೇ ನೋವಿಗೆ ಕಾರಣವೆಂದು ಹೇಳಲು ಬರುತ್ತದೆ. ಆದ್ದರಿಂದ ವರದಿಯನ್ನಷ್ಟೇ ನೋಡಿ, ರೋಗಿಯ ಮೈ ಮುಟ್ಟದೆ, ಸೂಜಿ ಅಥವಾ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಉಚಿತ.

ಬೆನ್ನಿನ ಚುಚ್ಚುಮದ್ದಿನ ಹಿನ್ನೆಲೆ ಮತ್ತು ವಿಧಾನ

ಬೆನ್ನುಹುರಿಯ ಹೊರಪೊರೆಯ ಸುತ್ತಲಿನ ಜಾಗಕ್ಕೆ ಮದ್ದು ಸೇರಿಸುವ ಪದ್ಧತಿಯು 1901ರಲ್ಲಿ ಪ್ಯಾರಿಸ್ ನಗರದಲ್ಲಿ ಆರಂಭವಾಯಿತು. ಆಗ ಬಳಸುತ್ತಿದ್ದುದು ಮರಗಟ್ಟಿಸುವ ಮದ್ದು. ಜಾರಿದ ಡಿಸ್ಕೇ ಕಾಲುಸೆಳೆತಕ್ಕೆ ಕಾರಣವಾಗಬಲ್ಲದೆಂದು ಮಿಕ್ಸ್ಟರ್ ಮತ್ತು ಬಾರ್ ಎಂಬ ಅಮೆರಿಕದ ವೈದ್ಯರು 1934ರಲ್ಲಿ ತೋರಿಸಿಕೊಟ್ಟರು. ಕಾರ್ಟಿಸೋನ್ ಎಂಬ ಸ್ಟಿರಾಯ್ಡಿನ ಶೋಧಕ್ಕೆ ಸಂಬಂಧಿಸಿ 1950ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅದರ ಬೆನ್ನಿಗೇ, 1950ರ ದಶಕದ ಆರಂಭದಲ್ಲಿ, ಯುರೋಪಿನ ವೈದ್ಯರು ಸ್ಟಿರಾಯ್ಡನ್ನು ನರದ ಬೇರಿನ ಬಳಿ ಸೇರಿಸತೊಡಗಿದರು. ಹೀಗೆ ಇದು ಸುಮಾರು 70 ವರ್ಷಗಳಷ್ಟು ಹಳೆಯ ಚಿಕಿತ್ಸೆ.

ರೋಗಿಯನ್ನು ಬೋರಲಾಗಿ ಮಲಗಿಸಿ, ಚರ್ಮವನ್ನು ಶುದ್ಧಗೊಳಿಸಿ, ಆ ಜಾಗವನ್ನು ಮರಗಟ್ಟಿಸಿ, ಕ್ಷ-ಕಿರಣದ ನೆರವಿನಿಂದ ಸೂಜಿಯನ್ನು ಒಯ್ಯುತ್ತಾರೆ. ಸೂಜಿ ಸರಿಯಾದ ಸ್ಥಳದಲ್ಲಿದೆಯೇ ಎಂದು ಬಣ್ಣದ ದ್ರವವೊಂದನ್ನು ಬಿಟ್ಟು ಖಚಿತಪಡಿಸಿಕೊಂಡ ಮೇಲೆ ಮದ್ದನ್ನು ಸೇರಿಸುತ್ತಾರೆ. ಮಣಿಗಳ ನಡುವಿನಿಂದ, ನರವು ಹೊರಬರುವ ಕಿಂಡಿಯಿಂದ, ಅಥವಾ ಬಾಲಮೂಳೆಯ ಮೇಲಿನ ರಂಧ್ರದಿಂದ ಹೀಗೆ ಮೂರು ದಾರಿಗಳಿವೆ. ಸಾಮಾನ್ಯವಾಗಿ ಅಂದೇ ಮನೆಗೆ ಹೋಗಬಹುದು. ಗುಣ ಕಾಣಲು ಎರಡು ದಿನದಿಂದ ಒಂದು ವಾರ ಬೇಕಾಗುತ್ತದೆ.

ಎಷ್ಟು ಗುಣ ನಿರೀಕ್ಷಿಸಬಹುದು?

ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯು ಈ ಕುರಿತ 25 ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪರಿಶೀಲಿಸಿತು. ನೋವನ್ನು 100 ಅಂಕಗಳಲ್ಲಿ ಅಳೆದರೆ, ಹುಸಿ ಮದ್ದು ಪಡೆದವರಿಗಿಂತ ಸ್ಟಿರಾಯ್ಡ್ ಪಡೆದವರಲ್ಲಿ ಮೊದಲ ಮೂರು ತಿಂಗಳೊಳಗಿನ ಅವಧಿಯಲ್ಲಿ ಕಾಲುನೋವು ಸರಾಸರಿ ಸುಮಾರು 5 ಅಂಕಗಳಷ್ಟು ಹೆಚ್ಚು ಇಳಿದಿತ್ತು. ಸರಾಸರಿಯ ಲೆಕ್ಕದಲ್ಲಿ ಇದು ಚಿಕ್ಕ ಲಾಭ. ಕೆಲವರಿಗೆ ಬಹಳ ಗುಣವಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯಂತೂ, ಮೂರು ತಿಂಗಳು ಮೀರಿದ ಹಳೆಯ ಬೆನ್ನುನೋವಿಗೆ ಮತ್ತು ಕಾಲಿಗಿಳಿಯುವ ಹಳೆಯ ನೋವಿಗೆ ಈ ಚುಚ್ಚುಮದ್ದನ್ನು ಕೊಡಬಾರದೆಂದು ಬಲವಾಗಿ ಶಿಫಾರಸು ಮಾಡಿದೆ. ನೋವು ನಿವಾರಣಾ ತಜ್ಞರ ಹಲವು ಸಂಘಗಳು ಅದನ್ನು ಒಪ್ಪಿಲ್ಲ. ಆದರೆ ಒಂದು ಮಾತಿನಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ: ಕಾಲಿಗಿಳಿಯದೆ ನಡುವಿನಲ್ಲಿಯೇ ನಿಂತ ಸಾಮಾನ್ಯ ಸೊಂಟನೋವಿಗೆ ಈ ಸೂಜಿಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಹಾಗೆಂದ ಮಾತ್ರಕ್ಕೆ ಇದು ನಿರರ್ಥಕ ಚಿಕಿತ್ಸೆಯಲ್ಲ. ಡಿಸ್ಕ್ ಜಾರಿ ಕೆಲವೇ ವಾರಗಳಾಗಿದ್ದು, ಕಾಲಿನ ನೋವಿನಿಂದ ನಿದ್ರೆಯಿಲ್ಲ, ಮಾತ್ರೆ ನಾಟುತ್ತಿಲ್ಲ, ನಡೆಯಲು ಬರುತ್ತಿಲ್ಲ ಎಂಬ ಸ್ಥಿತಿಯಲ್ಲಿರುವವರಿಗೆ ದೇಹವು ತಾನೇ ಗುಣಪಡಿಸಿಕೊಳ್ಳುವವರೆಗಿನ ದಿನಗಳನ್ನು ದಾಟಿಸಲು ಇದು ನೆರವಾಗಬಹುದು. ಬ್ರಿಟನ್ನಿನಲ್ಲಿ ಇದೇ ಸೂಜಿಯನ್ನು ಡಿಸ್ಕ್ ಶಸ್ತ್ರಚಿಕಿತ್ಸೆಯೊಡನೆ ಹೋಲಿಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 18 ವಾರಗಳ ಕೊನೆಗೆ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಹೊಳೆ ದಾಟಿಸುವ ಹರಿಗೋಲಿನಂತೆ ಇದರ ಕೆಲಸ ತಾತ್ಕಾಲಿಕವಾದುದು. ಒಮ್ಮೆ ಸ್ವಲ್ಪವೂ ಗುಣ ಕೊಡದಿದ್ದರೆ ಮತ್ತೆ ಮತ್ತೆ ಅದನ್ನೇ ಮಾಡಿಸುವುದರಲ್ಲಿ ಅರ್ಥವಿಲ್ಲ. ಗುಣ ಕಂಡವರಿಗೂ ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಕೊಡುವುದು ರೂಢಿಯಲ್ಲಿಲ್ಲ.

ಅಪಾಯಗಳು

ಹೆಚ್ಚಿನವರಿಗೆ ಒಂದೆರಡು ದಿನ ಚುಚ್ಚಿದ ಜಾಗದಲ್ಲಿ ನೋವು, ಮುಖ ಬಿಸಿಯೇರುವುದು, ನಿದ್ರೆ ಬಾರದಿರುವುದು, ತಲೆನೋವು ಇಷ್ಟರಲ್ಲಿ ಮುಗಿಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಹಲವು ದಿನಗಳವರೆಗೆ ರಕ್ತದ ಸಕ್ಕರೆ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ಬೆನ್ನಿನೊಳಗೆ ರಕ್ತ ಕಟ್ಟಿಕೊಳ್ಳುವ ಸಂಭವವಿರುತ್ತದೆ. ಅತಿ ವಿರಳವಾಗಿ ಸೋಂಕು, ಪಾರ್ಶ್ವವಾಯು, ಕಾಲಿನ ಸ್ವಾಧೀನ ತಪ್ಪುವುದು, ದೃಷ್ಟಿ ಹೋಗುವುದು ಇಂತಹ ಗಂಭೀರ ತೊಂದರೆಗಳು ಆದುದುಂಟು. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2014ರ ಏಪ್ರಿಲ್‌ನಲ್ಲಿ ಈ ಕುರಿತು ಎಚ್ಚರಿಕೆ ಹೊರಡಿಸಿತು. 2012ರಲ್ಲಿ ಅದೇ ದೇಶದಲ್ಲಿ ಬೂಸಲು ಬೆರೆತ ಸ್ಟಿರಾಯ್ಡ್ ಬಾಟಲಿಗಳಿಂದ 700ಕ್ಕೂ ಹೆಚ್ಚು ಜನರಿಗೆ ಮಿದುಳುಪೊರೆಯ ಸೋಂಕು ಮೊದಲಾದವು ತಗುಲಿ, 60ಕ್ಕೂ ಹೆಚ್ಚು ಜನರು ಮೃತಪಟ್ಟರು. ಮದ್ದಿನ ಶುದ್ಧಿ ಮತ್ತು ಕೈಯ ಶುದ್ಧಿ ಎಷ್ಟು ಮುಖ್ಯವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಪಿರ್ರೆಗೆ ಚುಚ್ಚುವ ಮದ್ದು

ಈಗ ಮೊದಲನೆಯ ಬಗೆಯ ಸೂಜಿಗೆ ಬರೋಣ. ನಮ್ಮ ಹಳ್ಳಿಗಳಿಗೆ ಹೆಚ್ಚಿನ ಹಾನಿಯಾಗುವುದು ಇದರಿಂದಲೇ. ಯಾವ ವೈದ್ಯಕೀಯ ಪದವಿಯೂ ಇಲ್ಲದವರು ನೋವಿನ ಮದ್ದಿನೊಡನೆ ಡೆಕ್ಸಾಮೆಥಾಸೋನ್‌ನಂತಹ ಸ್ಟಿರಾಯ್ಡನ್ನು ಬೆರೆಸಿ ಪಿರ್ರೆಗೆ ಚುಚ್ಚಿದಾಗ ಒಂದೆರಡು ದಿನ ಮೈ ಹಗುರಾಗುತ್ತದೆ, ಹಸಿವು ಹೆಚ್ಚುತ್ತದೆ, ಕೆಲಸಕ್ಕೆ ಹೋಗಲು ಬರುತ್ತದೆ. "ಇವರ ಕೈಗುಣ ಒಳ್ಳೆಯದು" ಎಂಬ ಹೆಸರೂ ಹಬ್ಬುತ್ತದೆ. ಆದರೆ ಮದ್ದು ನರದ ಬಳಿ ಹೋಗಿರುವುದಿಲ್ಲ, ಮೈಯೆಲ್ಲ ಹರಡಿರುತ್ತದೆ. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಹೀಗೆ ತಿಂಗಳುಗಟ್ಟಲೆ ಪಡೆದವರಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಮುಖ ಬಾತುಕೊಳ್ಳುತ್ತದೆ, ಮೂಳೆ ಟೊಳ್ಳಾಗುತ್ತದೆ, ತೊಡೆಮೂಳೆಯ ತಲೆ ಸವೆಯುತ್ತದೆ, ನೋವಿನ ಮಾತ್ರೆಯೂ ಜೊತೆಗೂಡಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ದೇಹವು ತಾನೇ ತಯಾರಿಸುವ ಸ್ಟಿರಾಯ್ಡ್ ನಿಂತುಹೋಗಿರುವುದರಿಂದ, ಥಟ್ಟನೆ ಬಿಟ್ಟರೆ ನಿಶ್ಶಕ್ತಿ, ವಾಂತಿ, ಕುಸಿತಗಳು ಉಂಟಾಗಬಹುದು. ಆದ್ದರಿಂದ ಬಹುಕಾಲ ಪಡೆದವರು ತಾವಾಗಿ ನಿಲ್ಲಿಸದೆ ಸರ್ಕಾರಿ ವೈದ್ಯರಿಗೆ ವಿಷಯ ತಿಳಿಸಿ, ಅವರ ಸಲಹೆಯಂತೆ ಬಿಡಬೇಕು. 2021ರ ಕೋವಿಡ್ ಅಲೆಯಲ್ಲಿ ಕಪ್ಪು ಶಿಲೀಂಧ್ರವೆಂಬ ರೋಗ ಹರಡಿದ್ದನ್ನು ತಾವು ಮರೆತಿಲ್ಲ. ಹತೋಟಿ ತಪ್ಪಿದ ಸಕ್ಕರೆ ಮತ್ತು ಮಿತಿಮೀರಿದ ಸ್ಟಿರಾಯ್ಡ್ ಅದಕ್ಕೆ ದಾರಿಮಾಡಿಕೊಟ್ಟಿದ್ದವು.

ಇನ್ನೂ ಒಂದು ಗಂಡಾಂತರವಿದೆ. ನಮ್ಮ ನಾಡಿನಲ್ಲಿ ಎಲ್ಲ ಬೆನ್ನುನೋವೂ ಡಿಸ್ಕಿನದಲ್ಲ. ಬೆನ್ನುಮೂಳೆಯ ಕ್ಷಯರೋಗವಿದೆ, ದನಕರುಗಳಿಂದ ಮತ್ತು ಕಾಯಿಸದ ಹಾಲಿನಿಂದ ತಗುಲುವ ಬ್ರುಸೆಲ್ಲಾ ಸೋಂಕಿದೆ. ಇಂತಹವರಿಗೆ ಸ್ಟಿರಾಯ್ಡ್ ಚುಚ್ಚಿದರೆ ಜ್ವರ ಮತ್ತು ನೋವು ಕೆಲಕಾಲ ಅಡಗಿ, ಒಳಗೆ ರೋಗವು ಮಣಿಗಳನ್ನು ತಿನ್ನುತ್ತ ಹೋಗುತ್ತದೆ. ಕಾಲಿನ ಬಲ ಹೋದ ಮೇಲೆ ರೋಗ ಬಯಲಾದರೆ ಗುಣಪಡಿಸುವುದು ಕಷ್ಟಸಾಧ್ಯ. ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ಬಿಡದ ಬೆನ್ನುನೋವು ಇದ್ದವರು ಯಾವ ಸೂಜಿಯನ್ನೂ ತೆಗೆದುಕೊಳ್ಳುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಳ್ಳಬೇಕು. ಕ್ಷಯರೋಗದ ಪರೀಕ್ಷೆ ಮತ್ತು ಔಷಧಿ ಅಲ್ಲಿ ಉಚಿತ.

ಸ್ಟಿರಾಯ್ಡುಗಳು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ಪ್ರತಿಯೊಂದು ಖಾಸಗಿ ಚಿಕಿತ್ಸಾಲಯವೂ ನೋಂದಣಿ ಹೊಂದಿರಬೇಕು. ಚಿಕಿತ್ಸಾಲಯದಲ್ಲಿ ನೋಂದಣಿ ಪತ್ರ ಕಾಣದಿದ್ದರೆ, ಕೊಟ್ಟ ಮದ್ದಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಡದಿದ್ದರೆ, ಹೊಸ ಸಿರಿಂಜನ್ನು ತಮ್ಮ ಕಣ್ಣೆದುರು ತೆರೆಯದಿದ್ದರೆ ಅಲ್ಲಿ ಸೂಜಿ ಮಾಡಿಸಬಾರದು. ದೂರುಗಳನ್ನು ತಾಲೂಕು ಆರೋಗ್ಯಾಧಿಕಾರಿಗಳಿಗೆ ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಸಲ್ಲಿಸಬಹುದು.

ತಡಮಾಡಬಾರದ ಲಕ್ಷಣಗಳು

ಕಾದು ನೋಡಬಹುದು ಎಂದು ಮೊದಲು ಹೇಳಿದ ಮಾತಿಗೆ ಕೆಲವು ಅಪವಾದಗಳಿವೆ. ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಸೋರುವುದು, ಮಲವಿಸರ್ಜನೆಯ ಹತೋಟಿ ತಪ್ಪುವುದು, ಕುದುರೆಯ ಜೀನಿನ ಮೇಲೆ ಕೂಡುವಾಗ ತಾಗುವ ಭಾಗದಲ್ಲಿ ಸ್ಪರ್ಶ ತಿಳಿಯದಿರುವುದು, ಎರಡೂ ಕಾಲುಗಳ ಬಲ ಕುಗ್ಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ, ರಾತ್ರಿಯಾಗಿದ್ದರೂ, 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಸೇರಬೇಕು. ಬೆನ್ನಿನ ಕೆಳಭಾಗದ ನರಗಳ ಗೊಂಚಲೇ ಒತ್ತಿಹೋಗಿರುವ ಲಕ್ಷಣವಿದು. ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು, ಸೂಜಿಯಿಂದ ಇದು ಗುಣವಾಗದು. ನಡೆಯುವಾಗ ಪಾದ ಎತ್ತಲು ಬಾರದೆ ಚಪ್ಪಲಿ ಜಾರಿ ಬೀಳತೊಡಗಿದರೂ ಒಂದೆರಡು ದಿನದೊಳಗೆ ತಜ್ಞರನ್ನು ಕಾಣಬೇಕು. ನಮ್ಮ ಹೆಣ್ಣುಮಕ್ಕಳು ಮೂತ್ರದ ತೊಂದರೆಯನ್ನು ಸಂಕೋಚದಿಂದ ಮನೆಯಲ್ಲಿಯೂ ಹೇಳುವುದಿಲ್ಲ. ಆಶಾ ಕಾರ್ಯಕರ್ತೆಯರು ಇದನ್ನು ತಾವಾಗಿಯೇ ಕೇಳಿ ತಿಳಿಯಬೇಕೆಂದು ವಿನಂತಿಸುತ್ತೇನೆ.

ಮನೆಯಲ್ಲಿ ಮಾಡಬೇಕಾದುದು

ನೋವು ತೀವ್ರವಾಗಿರುವಾಗ ಒಂದೆರಡು ದಿನ ವಿಶ್ರಾಂತಿ ಸಾಕು. ವಾರಗಟ್ಟಲೆ ಹಾಸಿಗೆ ಹಿಡಿದರೆ ಬೆನ್ನಿನ ಸ್ನಾಯುಗಳು ಸೊರಗುತ್ತವೆ. ತಾಳುವಷ್ಟು ಓಡಾಡುತ್ತ, ವೈದ್ಯರು ಬರೆದ ಮಾತ್ರೆಯನ್ನು ಹೇಳಿದಷ್ಟೇ ದಿನ ಸೇವಿಸುತ್ತ, ನೋವು ತಗ್ಗಿದಂತೆ ವ್ಯಾಯಾಮ ಆರಂಭಿಸಬೇಕು. ನಡುಪಟ್ಟಿ ಮತ್ತು ಎಳೆತದ ಚಿಕಿತ್ಸೆಗಳನ್ನು ದೀರ್ಘಕಾಲದ ಸಾಮಾನ್ಯ ಸೊಂಟನೋವಿಗೆ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ವ್ಯಾಯಾಮ ಮತ್ತು ತಿಳಿವಳಿಕೆಗೆ ಅದು ಮನ್ನಣೆ ನೀಡಿದೆ. ಚೀಲವನ್ನು ಒಬ್ಬರೇ ಎತ್ತದೆ ಇಬ್ಬರು ಹಿಡಿಯುವುದು, ಮೊಣಕಾಲು ಮಡಿಸಿ ಭಾರವನ್ನು ಎದೆಗೆ ಹತ್ತಿರ ತಂದು ಎತ್ತುವುದು, ನಾಟಿ ಮತ್ತು ಕಳೆ ಕೆಲಸದಲ್ಲಿ ಗಂಟೆಗೊಮ್ಮೆ ನೆಟ್ಟಗೆ ನಿಂತು ಬೆನ್ನು ಸಡಿಲಿಸುವುದು, ಬೀಡಿ ಸಿಗರೇಟು ಬಿಡುವುದು ಇವೆಲ್ಲ ಖರ್ಚಿಲ್ಲದ ಉಪಾಯಗಳು. ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ಬೆನ್ನುನೋವಿನವರಿಗೆ ಮಣ್ಣು ಹೊರುವ ಬದಲು ಹಗುರ ಕೆಲಸ ಹಂಚುವಂತೆ ಪಂಚಾಯತಿ ಸದಸ್ಯರು ಮುತುವರ್ಜಿ ವಹಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಸೂಜಿಗೆ ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ತಜ್ಞರು ಬೆನ್ನಿನ ಚುಚ್ಚುಮದ್ದನ್ನು ಸೂಚಿಸಿದಾಗ ರೋಗಿಯ ಕಡೆಯವರು ವಿನಯದಿಂದ, ಆದರೆ ಅಳುಕಿಲ್ಲದೆ, ಹೀಗೆ ಕೇಳಬಹುದು: ನನ್ನ ಕಾಲಿನ ನೋವಿಗೂ ಚಿತ್ರದಲ್ಲಿ ಕಂಡ ಡಿಸ್ಕಿಗೂ ಸಂಬಂಧ ಖಚಿತವಾಗಿದೆಯೇ? ಇನ್ನು ಕೆಲವು ವಾರ ಕಾಯಬಹುದೇ? ಕ್ಷ-ಕಿರಣದ ಪರದೆ ನೋಡಿ ಕೊಡುತ್ತೀರಾ? ಯಾವ ಮದ್ದು, ಎಷ್ಟು ಪ್ರಮಾಣ? ಗುಣ ಕಾಣದಿದ್ದರೆ ಮುಂದೇನು? ಅದರೊಡನೆ ತಮಗಿರುವ ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಜ್ವರ ಅಥವಾ ಸೋಂಕು, ಗರ್ಭಧಾರಣೆ, ಹಿಂದೆ ಪಡೆದ ಸೂಜಿಗಳು ಇವನ್ನೆಲ್ಲ ಮುಚ್ಚಿಡದೆ ತಿಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ತಾವಾಗಿ ನಿಲ್ಲಿಸಬಾರದು. ಚುಚ್ಚುಮದ್ದಿನ ನಂತರ ಜ್ವರ, ಹೆಚ್ಚುತ್ತಲೇ ಹೋಗುವ ಬೆನ್ನುನೋವು, ಎದ್ದು ಕೂತರೆ ತಾಳಲಾಗದ ತಲೆನೋವು, ಕಾಲಿನ ಬಲ ಕುಗ್ಗುವುದು ಕಂಡುಬಂದರೆ ಕೂಡಲೇ ಅದೇ ಆಸ್ಪತ್ರೆಗೆ ಮರಳಬೇಕು.

ಮೊದಲ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ನಾಲ್ಕೂ ತಾಲೂಕುಗಳಲ್ಲಿ ಸಾರ್ವಜನಿಕ ಆಸ್ಪತ್ರೆಗಳಿವೆ. ಅಲ್ಲಿಂದ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ, ಅಗತ್ಯಬಿದ್ದರೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಆಸ್ಪತ್ರೆಗೆ ಶಿಫಾರಸು ಪತ್ರ ದೊರೆಯುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ನೆರವು ಇದೆ. ತಮಗೆ ಸೂಚಿಸಿರುವ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂಬುದನ್ನು ಒಡವೆ ಒತ್ತೆಯಿಡುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲೇ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆದಿರುವುದು ಅನುಕೂಲ.

ಇಲ್ಲಿ ಕುಳಿತಿರುವ ತಾವು ನಾಳೆ ಊರಿಗೆ ಹೋದಾಗ, ನಡು ಹಿಡಿದವರ ಮನೆಯಲ್ಲಿ ಮೊದಲು ಮೂರು ಮಾತು ಕೇಳಿರಿ: ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಕಾಲಿನಲ್ಲಿ ಬಲ ಇದೆಯೇ, ಜ್ವರ ಅಥವಾ ತೂಕ ಇಳಿತ ಇದೆಯೇ. ಮೂರಕ್ಕೂ ಉತ್ತರ ಸಮಾಧಾನಕರವಾಗಿದ್ದರೆ, ಗಾಬರಿಪಡದೆ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಆರು ವಾರ ತಾಳ್ಮೆಯಿಂದಿರಲು ಧೈರ್ಯ ಹೇಳಿರಿ. ಒಂದಕ್ಕಾದರೂ ಉತ್ತರ ಸರಿಯಿಲ್ಲವೆಂದಾದರೆ, ಅವರನ್ನು ಆಸ್ಪತ್ರೆಗೆ ಸೇರಿಸುವವರೆಗೆ ಜೊತೆಗಿರಿ.